ಆ 4.8 ಸೆಕೆಂಡು ಯಾರ ಆಸ್ತಿ?

ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್ ಕೆಟ್ಟುಹೋಯಿತು ಎಂದು ಕೊರಗುವವರು ಈಚೆಗೆ ಹೆಚ್ಚಾಗಿದ್ದಾರೆ. ಹುಡುಗರ ಕೈಗೆ ದುಡ್ಡು ಬಂತು, ಆಟದ ಪಾವಿತ್ರ್ಯ ಹೋಯಿತು ಎಂಬುದು ಅವರ ದೂರು. ನಮ್ಮ ಹಾಸ್ಟೆಲಿನಲ್ಲೂ ಅಂಥ ಗೆಳೆಯನೊಬ್ಬನಿದ್ದಾನೆ. ಮಾರ್ಚ್ ಬಂತೆಂದರೆ ನಸುಕಿನಲ್ಲೇ ಎದ್ದು ಮೊಬೈಲಿನಲ್ಲಿ ಎನ್‌ಸಿಎಎ ಟೂರ್ನಿ ನೋಡುತ್ತಾನೆ. ನನಗೂ ಈ ಹುಚ್ಚು ಹತ್ತಿಸಿದವನು ಅವನೇ. ‘ಆಗಿನವ್ರು ಆಟಕ್ಕೋಸ್ಕರ ಆಡ್ತಿದ್ರು ಕಣೋ’ ಎನ್ನುತ್ತಾ ಅವನು ಪುರಾವೆಯಾಗಿ ತೋರಿಸುವುದು 1995ರ ಯುಸಿಎಲ್‌ಎ ತಂಡವನ್ನು. ನಾನು ಜಗಳಕ್ಕಿಳಿಯುವುದೂ ಅದೇ ತಂಡವನ್ನು ಹಿಡಿದುಕೊಂಡು.

ತಂಡದ ಬಗ್ಗೆ ನಮ್ಮಿಬ್ಬರಿಗೂ ತಕರಾರಿಲ್ಲ. ಕೋಚ್ ಜಾನ್ ವುಡನ್ 12 ವರ್ಷಗಳಲ್ಲಿ 10 ಬಾರಿ ಗೆಲ್ಲಿಸಿಕೊಟ್ಟು 1975ರಲ್ಲಿ ನಿವೃತ್ತರಾದ ಮೇಲೆ ಯುಸಿಎಲ್‌ಎಗೆ 20 ವರ್ಷ ಪ್ರಶಸ್ತಿಯೇ ಸಿಕ್ಕಿರಲಿಲ್ಲ. ಆ ಸೀಸನ್ನಿನಲ್ಲಿ ಅಂಗಳದಲ್ಲಿ ಸೋತದ್ದು ಎರಡೇ ಪಂದ್ಯ. ಆದರೂ ಟೂರ್ನಿಯ ಎರಡನೇ ಸುತ್ತಿನಲ್ಲೇ ಕಥೆ ಮುಗಿಯುವುದರಲ್ಲಿತ್ತು. ಮಿಸೌರಿ ಒಂದು ಅಂಕ ಮುಂದೆ, ಉಳಿದಿದ್ದು 4.8 ಸೆಕೆಂಡು. ಐದಡಿ ಹತ್ತಿಂಚಿನ ಟೈಯಸ್ ಎಡ್ನಿ ತನ್ನ ಬುಟ್ಟಿಯ ಬಳಿ ಚೆಂಡು ಹಿಡಿದು ಓಡಿದ. ಅಂಗಳದ ನಡುವೆ ಅಡ್ಡ ಬಂದವನನ್ನು ಬೆನ್ನ ಹಿಂದೆ ಚೆಂಡು ತಿರುಗಿಸಿ ದಾಟಿದ. ಎತ್ತರದ ಕೈಯೊಂದರ ಮೇಲಿಂದ ಬೋರ್ಡಿಗೆ ತಾಗಿಸಿ ಬುಟ್ಟಿಗೆ ಹಾಕಿದ. 75-74. ಎಷ್ಟು ಸಲ ನೋಡಿದ್ದೇನೋ, ಈಗಲೂ ಅವನು ತಲುಪುವುದಿಲ್ಲ ಅಂತಲೇ ಅನ್ನಿಸುತ್ತದೆ.

ಸಿಯಾಟಲ್‌ನಲ್ಲಿ ನಡೆದ ಫೈನಲ್‌ನಲ್ಲಿ ಎಡ್ನಿ ಮಣಿಕಟ್ಟಿನ ನೋವಿನಿಂದ ಮೂರು ನಿಮಿಷವೂ ಆಡಲಾಗಲಿಲ್ಲ. ಹಿಂದಿನ ವರ್ಷದ ಚಾಂಪಿಯನ್ ಅರ್ಕಾನ್ಸಾಸ್ ವಿರುದ್ಧ ಭಾರ ಹೊತ್ತವನು ಎಡಗೈ ಆಟಗಾರ ಎಡ್ ಒಬ್ಯಾನನ್. 30 ಅಂಕ, 17 ರಿಬೌಂಡ್. 89-78ರಿಂದ ಗೆದ್ದರು.

ಗೆಳೆಯನ ಕಥೆ ಇಲ್ಲಿಗೆ ಮುಗಿಯುತ್ತದೆ. ನನ್ನದು ಇಲ್ಲಿಂದ ಶುರು. ಮುಂದೆ ಒಬ್ಯಾನನ್ ಕಾರು ಮಾರುವ ಕೆಲಸಕ್ಕೆ ಸೇರಿದರು. ಒಮ್ಮೆ ಪರಿಚಿತರ ಮನೆಯ ಹುಡುಗ ಒಂದು ವಿಡಿಯೋ ಗೇಮ್ ತೋರಿಸಿದ. ಅದರಲ್ಲಿ ಅವರೇ ಇದ್ದರು! ಅದೇ ಬೋಳುತಲೆ, ಅದೇ ಎಡಗೈ, ಅದೇ 31ನೇ ನಂಬರಿನ ಅಂಗಿ. ಹೆಸರು ಮಾತ್ರ ಇರಲಿಲ್ಲ. ಯಾರೂ ಅವರನ್ನು ಕೇಳಿರಲಿಲ್ಲ, ಬಿಡಿಗಾಸೂ ಕೊಟ್ಟಿರಲಿಲ್ಲ. 2009ರಲ್ಲಿ ಅವರು ಎನ್‌ಸಿಎಎ ಮೇಲೆ ದಾವೆ ಹೂಡಿದರು. ಮರುವರ್ಷವೇ ಆ ಸಂಸ್ಥೆ ಇದೇ ಟೂರ್ನಿಯ ಪ್ರಸಾರದ ಹಕ್ಕನ್ನು 14 ವರ್ಷಕ್ಕೆ 1,080 ಕೋಟಿ ಡಾಲರಿಗೆ ಮಾರಿತು. ಹುಡುಗರು ದುಡ್ಡು ಮುಟ್ಟಿದರೆ ಮಾತ್ರ ಮೈಲಿಗೆ.

ಇಷ್ಟನ್ನೂ ಮುಚ್ಚಿಟ್ಟದ್ದು ಒಂದು ಪದ: ‘ಸ್ಟೂಡೆಂಟ್-ಅಥ್ಲೀಟ್’. ನೋಡಲು ಎಷ್ಟು ಸಭ್ಯ! ಕೊಲೊರಾಡೊದಲ್ಲಿ ಕಾಲೇಜು ಫುಟ್‌ಬಾಲ್ ಆಡುವಾಗ ತಲೆಗೆ ಪೆಟ್ಟಾಗಿ 1955ರಲ್ಲಿ ಒಬ್ಬ ಆಟಗಾರ ಸತ್ತ. ಕಾರ್ಮಿಕರಿಗೆ ಸಿಗುವ ಪರಿಹಾರ ತನಗೂ ಸಿಗಲಿ ಎಂದು ಅವನ ಹೆಂಡತಿ ಕೇಳಿದಳು. ಆ ರಾಜ್ಯದ ಸುಪ್ರೀಂ ಕೋರ್ಟ್ ಕೊಡಲಿಲ್ಲ. ಇಂಥ ಪರಿಹಾರದ ಭಯದಿಂದಲೇ ಈ ಪದವನ್ನು ಹುಟ್ಟಿಸಿದೆವು ಎಂದು ಎನ್‌ಸಿಎಎಯನ್ನು ದಶಕಗಳ ಕಾಲ ಆಳಿದ ವಾಲ್ಟರ್ ಬೈಯರ್ಸ್ ತಮ್ಮ ಪುಸ್ತಕದಲ್ಲಿ ಒಪ್ಪಿಕೊಂಡರು. ಪುಸ್ತಕ ಬಂದದ್ದು ಎಡ್ನಿ ಓಡಿದ 1995ರಲ್ಲೇ.

ಆ ಪದ ನನಗೆ ಚುಚ್ಚಲು ಸ್ವಂತದ ಕಾರಣವೂ ಇದೆ. ಕಳೆದ ವರ್ಷ ಫೆಲೋಶಿಪ್ ಐದು ತಿಂಗಳು ಬರಲಿಲ್ಲ. ಅಷ್ಟರಲ್ಲಿ ನಾನು ಎರಡು ಪತ್ರಿಕೆಗಳ ಪಾಠ ಮಾಡಿದ್ದೆ, ಕಟ್ಟುಗಟ್ಟಲೆ ಉತ್ತರ ಪತ್ರಿಕೆ ತಿದ್ದಿದ್ದೆ, ಸೆಮಿನಾರಿಗೆ ಕುರ್ಚಿ ಹೊತ್ತದ್ದೂ ಆಯಿತು. ಕಚೇರಿಗೆ ಹೋಗಿ ಕೇಳಿದರೆ, ‘ನೀವು ವಿದ್ಯಾರ್ಥಿ ಅಲ್ವೇನಮ್ಮಾ, ಸಂಬಳದ ಥರ ಕೇಳ್ತೀರಲ್ಲ’ ಎಂದರು. ಕೆಲಸ ಹೇಳುವಾಗ ನಾನು ಮೇಡಂ, ದುಡ್ಡು ಕೇಳುವಾಗ ವಿದ್ಯಾರ್ಥಿ.

‘ಅವರಿಗೆ ಫೀಸು, ರೂಮು, ಊಟ ಎಲ್ಲಾ ಪುಕ್ಕಟೆ ಸಿಗ್ತಿತ್ತಲ್ಲ’ ಎನ್ನುತ್ತಾನೆ ಗೆಳೆಯ. ಸಿಗುತ್ತಿತ್ತು, ಅದನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಕೋಚ್‌ಗಳಿಗೆ ಯಾರೂ ಆಟದ ಪ್ರೀತಿಯೇ ಸಂಬಳ ಎಂದು ಹೇಳಲಿಲ್ಲವಲ್ಲ? ಅಲ್ಲಿನ ಹಲವು ರಾಜ್ಯಗಳಲ್ಲಿ ಸರ್ಕಾರಿ ಸಂಬಳದ ಪಟ್ಟಿಯ ತುದಿಯಲ್ಲಿರುವವರು ಕಾಲೇಜು ಕೋಚ್‌ಗಳೇ. ತ್ಯಾಗದ ಪಾಠ ಹತ್ತೊಂಬತ್ತರ ಹುಡುಗರಿಗಷ್ಟೇ. ಅವರಲ್ಲೂ ಹೆಚ್ಚಿನವರು ಕರಿಯರು.

2021ರ ಜುಲೈನಿಂದ ಆಟಗಾರರು ತಮ್ಮ ಹೆಸರು, ಮುಖದಿಂದ ಗಳಿಸಬಹುದು. ಈಗ ವರ್ಷಕ್ಕೊಂದು ಕಾಲೇಜು ಬದಲಿಸುತ್ತಾರೆ, ನಾಲ್ಕು ವರ್ಷ ಕೂಡಿ ಬೆಳೆದ ತಂಡಗಳು ಅಪರೂಪವಾಗಿವೆ ಎಂಬುದು ನಿಜ. ನನಗೂ ಬೇಸರವಿದೆ. ನನ್ನ ಬೇಸರ ಕಳೆಯಲು ಅವರು ಪುಕ್ಕಟೆ ಆಡಬೇಕೆನ್ನಲು ನಾನು ಯಾರು?

2025ರ ಜೂನ್‌ನಲ್ಲಿ ಇನ್ನೊಂದು ಮೊಕದ್ದಮೆಯ ರಾಜಿಗೆ ಕೋರ್ಟ್ ಒಪ್ಪಿತು. ಕಾಲೇಜುಗಳೇ ನೇರವಾಗಿ ಆಟಗಾರರಿಗೆ ದುಡ್ಡು ಕೊಡಬಹುದು. ಹಿಂದೆ ಆಡಿದವರಿಗೆ ಸುಮಾರು 280 ಕೋಟಿ ಡಾಲರ್ ಬಾಕಿ ಸಲ್ಲಬೇಕು. ಹಿಂದೆ ಎಂದರೆ 2016ರಿಂದ ಈಚೆಗೆ. ಎಡ್ನಿಯ ಓಟವನ್ನು ಮಾತ್ರ ಮಾರ್ಚ್‌ನಲ್ಲಿ ಮತ್ತೆ ಮತ್ತೆ ತೋರಿಸುತ್ತಾರೆ. ಮೊನ್ನೆ ಮೊಬೈಲಿನಲ್ಲಿ ನೋಡಲು ಕುಳಿತೆವು. 4.8 ಸೆಕೆಂಡಿನ ಓಟಕ್ಕೆ ಮೊದಲು 15 ಸೆಕೆಂಡಿನ ಜಾಹೀರಾತು ಬಂತು. ‘ಸ್ಕಿಪ್ ಮಾಡೇ’ ಎಂದ ಗೆಳೆಯ.