ಬಣ್ಣದ ಡಬ್ಬಿ: ನಮ್ಮ ಹೊಳೆಯ ಹರಿಗೋಲು

ಮಕ್ಕಳೇ, ನೀರು, ದೋಣಿ, ಜನ ಇರುವ ಚಿತ್ರ ಬರೆಯಿರಿ ಎಂದರೆ ನಿಮ್ಮಲ್ಲಿ ಹೆಚ್ಚಿನವರು ಎರಡು ಬೆಟ್ಟ, ನಡುವೆ ಸೂರ್ಯ, ಕೆಳಗೊಂದು ಹಾಯಿದೋಣಿ ಬರೆಯುತ್ತೀರಿ. ನಮ್ಮ ಶ್ರೀರಂಗಪಟ್ಟಣದ ಕಾವೇರಿಯಲ್ಲಿ ಹಾಯಿದೋಣಿ ಎಲ್ಲಿದೆ? ಇರುವುದು ಹರಿಗೋಲು. ಈ ವಾರ ಅದನ್ನೇ ಬರೆಯೋಣ.

ಪೆನ್ಸಿಲ್ ಹಿಡಿಯುವ ಮೊದಲು ಅಜ್ಜ ಅಜ್ಜಿಯರ ಹತ್ತಿರ ಕೂತು ಕೇಳಿ. ಸೇತುವೆ ಬರುವ ಮೊದಲು ಹರಿಗೋಲಿನಲ್ಲೇ ಹೊಳೆ ದಾಟಿದವರು ನಿಮ್ಮ ಮನೆಯಲ್ಲೇ ಇರಬಹುದು. ಯಾರು ಎಲ್ಲಿ ಕೂರುತ್ತಿದ್ದರು? ಮೂಟೆ ಎಲ್ಲಿಡುತ್ತಿದ್ದರು? ಮೇಕೆಗೂ ಜಾಗವಿತ್ತೇ? ಬಿದಿರಿನ ಬುಟ್ಟಿಯಂತೆ ಹೆಣೆದ ಈ ದೋಣಿಗೆ ಹಿಂದೆ ಚರ್ಮ ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿ ಟಾರು ಬಳಿಯುತ್ತಾರೆ. ನಡೆಸಲು ಒಂದೇ ಹುಟ್ಟು ಸಾಕು.

ಈಗ ಚಿತ್ರ. ಕಾಗದದ ಮೇಲ್ಭಾಗದಲ್ಲಿ ತೆಳುವಾಗಿ ಅಡ್ಡಗೆರೆ ಎಳೆಯಿರಿ. ಇದು ನಿಮ್ಮ ಕಣ್ಣಿನ ಮಟ್ಟ. ಸಮುದ್ರವಾದರೆ ನೀರೂ ಆಕಾಶವೂ ಸೇರುವುದು ಇಲ್ಲೇ. ಹೊಳೆಯಾದರೆ ಆಚೆ ದಡ ಇದಕ್ಕಿಂತ ತುಸು ಕೆಳಗೆ, ಅದರ ಮೇಲೆ ಮರಗಳ ಸಾಲು.

ಹರಿಗೋಲಿನ ಬಾಯಿ ಗುಂಡಗಿದ್ದರೂ ದಡದಿಂದ ಗುಂಡಗೆ ಕಾಣದು. ಊಟದ ತಟ್ಟೆಯನ್ನು ಕಣ್ಣಿನ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ಅಡ್ಡಲಾಗಿ ಹಿಡಿದು ನೋಡಿ, ಚಪ್ಪಟೆ ಮೊಟ್ಟೆಯಂತೆ ಕಾಣುತ್ತದೆ. ಹಾಗೆಯೇ ಬರೆಯಿರಿ. ದೂರದ ಹರಿಗೋಲು ಇನ್ನೂ ಚಿಕ್ಕದು, ಇನ್ನೂ ಚಪ್ಪಟೆ.

ಜನರನ್ನು ಬರೆಯಲು ಒಂದು ಗುಟ್ಟು. ಸಮತಟ್ಟಾದ ದಡದಲ್ಲಿ ನಿಮ್ಮಷ್ಟೇ ಎತ್ತರದವರು ಹತ್ತಿರ ನಿಂತಿರಲಿ, ದೂರ ನಿಂತಿರಲಿ, ಅವರ ಕಣ್ಣು ಆ ಅಡ್ಡಗೆರೆಯ ಮೇಲೇ ಬರುತ್ತದೆ. ದೂರ ಹೋದಷ್ಟೂ ಪಾದ ಮೇಲೇರುತ್ತದೆ. ಹರಿಗೋಲಿನಲ್ಲಿ ಕೂತವರ ತಲೆ ಗೆರೆಯ ಕೆಳಗೆ.

ಬಣ್ಣ ತಿಳಿಯಿಂದ ಗಾಢಕ್ಕೆ ಹೋಗಲಿ. ನೆರಳು ಹರಿಗೋಲಿನ ನೇರ ಕೆಳಗೆ, ಅಂಚು ಮಸುಕಾಗಿರಲಿ. ಮಳೆಗಾಲದ ಹೊಳೆಗೆ ನೀಲಿ ಬೇಡ, ಕೆಮ್ಮಣ್ಣಿನ ಬಣ್ಣ ಬೇಕು.

1784ರಲ್ಲಿ ಕಟ್ಟಿದ ದರಿಯಾ ದೌಲತ್ ಅರಮನೆಯ ಗೋಡೆಯಲ್ಲಿ 1780ರ ಪೊಲ್ಲಿಲೂರು ಯುದ್ಧದ ಚಿತ್ರವಿದೆ. ಅಲ್ಲಿ ಸೈನಿಕರು ಸಾಲಿನ ಮೇಲೆ ಸಾಲಾಗಿದ್ದಾರೆ, ದೂರದವರು ಚಿಕ್ಕವರಾಗಿಲ್ಲ. ಅದು ತಪ್ಪಲ್ಲ, ಕಥೆ ಹೇಳುವ ಇನ್ನೊಂದು ಕ್ರಮ. ಅಜ್ಜಿಯ ಕಥೆಯಲ್ಲಿ ಜನ ಹೆಚ್ಚಿದ್ದರೆ ಹಾಗೂ ಬರೆಯಬಹುದು.

ಪಾಂಡವಪುರದವರು ತೊಣ್ಣೂರು ಕೆರೆ, ಕೆ.ಆರ್. ಪೇಟೆಯವರು ಹೇಮಾವತಿ, ನಾಗಮಂಗಲದವರು ನಿಮ್ಮೂರ ಕೆರೆ ಬರೆಯಿರಿ. ದೊಡ್ಡವರ ಜೊತೆ ಹೋಗಿ, ದಡದಲ್ಲೇ ಕೂತು ಬರೆಯಿರಿ. ನೀರಿಗೆ ಇಳಿಯಬೇಡಿ, ಸುಳಿ ಮೇಲಕ್ಕೆ ಕಾಣುವುದಿಲ್ಲ. ಚಿತ್ರ ಮುಗಿದ ಮೇಲೆ ಮೊದಲು ಅಜ್ಜ ಅಜ್ಜಿಗೆ ತೋರಿಸಿ. ಹುಟ್ಟು ಹಿಡಿದ ಕೈ ಸರಿಯಿದೆಯೇ ಎಂದು ಅವರೇ ಹೇಳಲಿ.