ಹದಿನೈದು ಕಿಲೋಮೀಟರ್ ಆಚೆಗೆ ಡ್ರೋನ್ ಕಾನೂನು ಬೇರೆನಾ?

ಹೋದ ತಿಂಗಳು ಒಂದು ರಾತ್ರಿ ಪಕ್ಕದೂರಿನ ಹುಡುಗ ಫೋನ್ ಮಾಡಿದ. "ಅಣ್ಣಾ, ಡ್ರೋನ್ ಕಿತ್ಕೊಂಡವ್ರೆ. ನಿಮಗೆ ಸ್ಟೇಷನ್‌ನೋರು ಗೊತ್ತಲ್ವಾ, ಒಂದ್ ಮಾತು ಹೇಳಿ." ಅರ್ಧ ಕೆ.ಜಿ. ತೂಕದ ಸೆಕೆಂಡ್ ಹ್ಯಾಂಡ್ ಡ್ರೋನ್ ಅದು. ದುಡ್ಡಿಗೆ ಶೂಟಿಂಗ್ ಮಾಡೋನಲ್ಲ, ಶೋಕಿಗೆ ಹಾರಿಸ್ತಾನೆ.

ನಮ್ಮೂರ ತೇರಿನ ದಿನ ಇದೇ ಡ್ರೋನ್ ಹಾರಿಸಿದಾಗ ಬಂದೋಬಸ್ತಿಗೆ ಬಂದಿದ್ದ ಪೊಲೀಸರೇ "ನಂಗೂ ಕಳ್ಸಪ್ಪ" ಅಂತ ವಿಡಿಯೋ ಹಾಕಿಸಿಕೊಂಡಿದ್ದರು. ಹದಿನೈದು ಕಿಲೋಮೀಟರ್ ಆಚೆಯ ಪಟ್ಟಣದಲ್ಲಿ, ಜಿಲ್ಲೆ ಗಡಿ ದಾಟಿದ ತಕ್ಷಣ, ಅದೇ ಡ್ರೋನ್ ಅಪರಾಧವಾಯಿತು. ಯಾವ ಆದೇಶ ಸರ್ ಅಂತ ನಾನು ಠಾಣೆಗೆ ಫೋನ್ ಮಾಡಿ ಕೇಳಿದೆ. "ಮೇಲಿಂದ ಹೇಳವ್ರೆ" ಅಂದರು, ಅಷ್ಟೇ.

ಕಾನೂನು ಊರಿಗೊಂದು ಇದೆಯಾ? ಪುಸ್ತಕದಲ್ಲಿ ಇಲ್ಲ. ದೇಶಕ್ಕೆಲ್ಲ ಕೇಂದ್ರದ 2021ರ ಡ್ರೋನ್ ನಿಯಮಗಳೇ. ಹಸಿರು ವಲಯದಲ್ಲಿ 400 ಅಡಿವರೆಗೆ ಹಾರಿಸಲು ಅನುಮತಿ ಬೇಡ. ಹಳದಿ ವಲಯಕ್ಕೆ ವಿಮಾನ ಸಂಚಾರ ನಿಯಂತ್ರಣದವರನ್ನು ಕೇಳಬೇಕು, ಕೆಂಪು ವಲಯಕ್ಕೆ ಕೇಂದ್ರ ಸರ್ಕಾರವನ್ನೇ. 2 ಕೆ.ಜಿ. ಒಳಗಿನ ಡ್ರೋನನ್ನು ಶೋಕಿಗೆ ಹಾರಿಸುವವನಿಗೆ ಪೈಲಟ್ ಸರ್ಟಿಫಿಕೇಟೂ ಬೇಡ. ಆದರೆ ಡ್ರೋನಿಗೆ ನೋಂದಣಿ ನಂಬರ್ ಬೇಕೇ ಬೇಕು.

ನೆಲದ ಮೇಲೆ ಬಂದರೆ ಕಥೆ ಬೇರೆ. ಮೈಸೂರು, ಶ್ರೀರಂಗಪಟ್ಟಣವನ್ನೇ ತಗೊಳ್ಳಿ. ಬಸ್ಸಲ್ಲಿ ಅರ್ಧ ಗಂಟೆಯ ದಾರಿ. ಮೈಸೂರಿನ ದಕ್ಷಿಣಕ್ಕೆ ಮಂಡಕಳ್ಳಿ ವಿಮಾನ ನಿಲ್ದಾಣ ಇದೆ. ನಿಲ್ದಾಣದ ಕಾಂಪೌಂಡಿನಿಂದ 8 ಕಿಲೋಮೀಟರ್ ಒಳಗೆ ನೆಲದಿಂದಲೇ ಅನುಮತಿ ಬೇಕು. 8ರಿಂದ 12 ಕಿಲೋಮೀಟರ್ ನಡುವೆ 200 ಅಡಿವರೆಗೆ ಮಾತ್ರ ಹಸಿರು. ಅಂದರೆ ಕಡಕೊಳದ ಹುಡುಗ ಮನೆ ಅಂಗಳದಲ್ಲಿ ಎರಡಾಳೆತ್ತರ ಹಾರಿಸಲೂ ಅನುಮತಿ ಕೇಳಬೇಕು. ಶ್ರೀರಂಗಪಟ್ಟಣಕ್ಕೆ ಈ ಲೆಕ್ಕ ತಾಗುವುದಿಲ್ಲ, ದೂರ ಇದೆ. ಆದರೆ ಅಲ್ಲಿ ಪುರಾತತ್ವ ಇಲಾಖೆಯ ಸ್ಮಾರಕಗಳಿವೆ, ಪಕ್ಕದಲ್ಲೇ ರಂಗನತಿಟ್ಟು ಪಕ್ಷಿಧಾಮ. ಅಲ್ಲಿ ಆಯಾ ಇಲಾಖೆಯವರನ್ನು ಕೇಳಬೇಕು.

ಇದಿಷ್ಟೂ ಒಪ್ಪುವ ಮಾತೇ. ವಿಮಾನ ಇಳಿಯೋ ಕಡೆ ಡ್ರೋನ್ ಬೇಡ ಅಂದರೆ ಯಾರಿಗೂ ಅರ್ಥ ಆಗುತ್ತೆ.

ಗೋಜಲಾಗುವುದು ತಾತ್ಕಾಲಿಕ ನಿಷೇಧದಲ್ಲಿ. ತುರ್ತು ಇದ್ದಾಗ ರಾಜ್ಯ ಸರ್ಕಾರ ಅಥವಾ ಪೊಲೀಸರು ಒಂದು ಜಾಗವನ್ನು ತಾತ್ಕಾಲಿಕ ಕೆಂಪು ವಲಯ ಅಂತ ಸಾರಬಹುದು. ಅದಕ್ಕೆ ಮೂರು ಷರತ್ತು ಇವೆ: ಎಸ್‌ಪಿ ದರ್ಜೆಗಿಂತ ಕೆಳಗಿನವರು ಸಾರುವಂತಿಲ್ಲ, ಒಂದು ಸಲಕ್ಕೆ 96 ಗಂಟೆ ಮೀರುವಂತಿಲ್ಲ, ಡಿಜಿಟಲ್ ಸ್ಕೈ ನಕ್ಷೆಯಲ್ಲಿ ತೋರಿಸಲೇಬೇಕು. ಇದಲ್ಲದೆ ನಿಷೇಧಾಜ್ಞೆಯ ದಾರಿಯೂ ಉಂಟು, ಹಿಂದೆ 144 ಅನ್ನುತ್ತಿದ್ದೆವಲ್ಲ, ಈಗ 163. ಮೈಸೂರು ನಗರದಲ್ಲಿ ಅದನ್ನು ಪೊಲೀಸ್ ಕಮಿಷನರ್ ಹೊರಡಿಸುತ್ತಾರೆ. ಮಂಡ್ಯದಂಥ ಕಮಿಷನರೇಟ್ ಇಲ್ಲದ ಜಿಲ್ಲೆಯಲ್ಲಿ ಡಿಸಿ. ಇಬ್ಬರು ಅಧಿಕಾರಿ, ಎರಡು ಲೆಟರ್‌ಹೆಡ್, ಎರಡು ಬೇರೆ ದಿನಾಂಕ. ನಡುವೆ ಓಡಾಡುವ ಜನ ನಾವು.

ಪೊಲೀಸರ ಮೇಲೆ ನನಗೆ ಸಿಟ್ಟಿಲ್ಲ. ಜಾತ್ರೆಯಲ್ಲಿ ಕಾಲಿಡಲು ಜಾಗ ಇರಲ್ಲ, ಬ್ಯಾಟರಿ ಸತ್ತು ಡ್ರೋನ್ ಮಗುವಿನ ತಲೆ ಮೇಲೆ ಬಿದ್ದರೆ? ಹೊಳೆಯಲ್ಲಿ ಹೆಂಗಸರು ಮೀಯುವಾಗ ಮೇಲೊಂದು ಕ್ಯಾಮೆರಾ ಗುಂಯ್ ಅಂದರೆ? ನಿಷೇಧ ಹಾಕಲಿ. ಆದರೆ ಹಾಕಿದ್ದೇವೆ ಅಂತ ಹೇಳಲಿ. ಪಟ್ಟಣದ ಡಿಸಿ ಆಫೀಸಿನ ನೋಟಿಸ್ ಬೋರ್ಡಿಗೆ ಅಂಟಿಸಿದ ಕಾಗದ ಹಳ್ಳಿ ಹುಡುಗನಿಗೆ ಹೇಗೆ ಕಾಣಬೇಕು? ಡಿಜಿಟಲ್ ಸ್ಕೈ ಇರುವುದು ಇಂಗ್ಲಿಷಿನಲ್ಲಿ. ಬೀಟ್ ಪೊಲೀಸರ ವಾಟ್ಸಾಪ್ ಗ್ರೂಪು ಊರೂರಲ್ಲಿದೆ, ಗುಡ್ ಮಾರ್ನಿಂಗ್ ಮೆಸೇಜ್ ತಪ್ಪದೆ ಬರುತ್ತೆ. ಅದರಲ್ಲೇ ಕನ್ನಡದಲ್ಲಿ ನಾಲ್ಕು ಸಾಲು ಹಾಕಲಿ: ಯಾವ ಜಾಗ, ಯಾವತ್ತಿಂದ ಯಾವತ್ತಿನವರೆಗೆ, ಯಾರ ಆದೇಶ. ಪಂಚಾಯ್ತಿ ಬೋರ್ಡಿಗೂ ಒಂದು ಪ್ರತಿ.

ನಮ್ಮ ಹುಡುಗನದ್ದೂ ತಪ್ಪಿದೆ, ಮುಚ್ಚಿಡಲ್ಲ. ನೋಂದಣಿ ಮಾಡಿಸಿದ್ದೀಯಾ ಅಂದರೆ ಸುಮ್ಮನಾದ. ಅದಕ್ಕೆ ಹಿಡಿದಿದ್ದರೆ ನಾನು ಫೋನೇ ಮಾಡುತ್ತಿರಲಿಲ್ಲ. ಆದರೆ ಠಾಣೆಯಲ್ಲಿ ಅದನ್ನು ಯಾರೂ ಕೇಳಲೇ ಇಲ್ಲ. ಕಾಗದ ಕೊಡದೆ ಹನ್ನೊಂದು ದಿನ ಇಟ್ಟುಕೊಂಡು, ಮುಚ್ಚಳಿಕೆ ಬರೆಸಿಕೊಂಡು ವಾಪಸ್ ಕೊಟ್ಟರು. ಒಂದು ರೆಕ್ಕೆ ಮುರಿದಿತ್ತು.

ಈಗ ಮತ್ತೆ ಕೇಳುತ್ತಿದ್ದಾನೆ, "ಅಣ್ಣಾ, ಹಬ್ಬಕ್ಕೆ ಅಲ್ಲಿ ಹಾರಿಸ್ಬೋದಾ?" ಮೊದಲು ನಂಬರ್ ಮಾಡಿಸು ಅಂದಿದ್ದೇನೆ. ಉಳಿದದ್ದಕ್ಕೆ ಮಾಹಿತಿ ಹಕ್ಕಿನಲ್ಲಿ ಎರಡೂ ಜಿಲ್ಲೆಗೆ ಒಂದೊಂದು ಅರ್ಜಿ ಬರೆದಿದ್ದೇನೆ: ಈ ವರ್ಷ ಎಷ್ಟು ಡ್ರೋನ್ ನಿಷೇಧ ಹೊರಡಿಸಿದ್ದೀರಿ, ಎಲ್ಲಿ ಪ್ರಕಟಿಸಿದ್ದೀರಿ, ಪ್ರತಿ ಕೊಡಿ. ಸೋಮವಾರ ಪೋಸ್ಟ್ ಮಾಡುತ್ತೇನೆ. ಉತ್ತರ ಬಂದರೆ ಇಲ್ಲೇ ಹಾಕುತ್ತೇನೆ.