ಬದುಕಿದ್ದಾಗಲೇ ತೆಗೆದ ಚಿತ್ರ

ಚಿಕ್ಕೋಡಿ, ರಾಯಬಾಗ, ಅಥಣಿ ಸೀಮೆಯ ಹಳೆಯ ಮನೆಗಳ ಪಡಸಾಲೆಯಲ್ಲಿ, ಗೋಡೆಯ ಮೇಲ್ಭಾಗದಿಂದ ತುಸು ಮುಂದಕ್ಕೆ ಬಾಗುವಂತೆ ತೂಗುಹಾಕಿದ ಭಾವಚಿತ್ರಗಳನ್ನು ವಾಚಕರು ನೋಡಿಯೇ ಇರುವರು. ಅಜ್ಜನವರು ರುಮಾಲು ಸುತ್ತಿ, ಕರಿಯ ಕೋಟು ತೊಟ್ಟು, ಕುರ್ಚಿಯ ಮೇಲೆ ಬಿಗಿಯಾಗಿ ಕುಳಿತಿರುತ್ತಾರೆ. ಅಜ್ಜಿಯ ಚಿತ್ರವೆಲ್ಲಿ ಎಂದು ಕೇಳಿದರೆ ಮನೆಯವರು ಒಳಗಿನ ಟ್ರಂಕನ್ನು ತೆರೆದು ಒಂದನ್ನು ತಂದು ತೋರಿಸುವರು. ಅದರಲ್ಲಿ ಆಕೆಯೂ ಕುಳಿತೇ ಇರುವಳು. ಕೊರಳ ತುಂಬ ಹೂಮಾಲೆ, ಹಣೆಯ ತುಂಬ ವಿಭೂತಿ. ಸುತ್ತಲೂ ಮಕ್ಕಳು ಮೊಮ್ಮಕ್ಕಳು. ಆದರೆ ಕಣ್ಣುಗಳು ಮುಚ್ಚಿವೆ. ಮೃತರನ್ನು ಕೂಡ್ರಿಸಿ ಪೂಜಿಸುವ ಲಿಂಗವಂತರ ಮನೆಗಳಲ್ಲಿ, ಅಂತ್ಯಸಂಸ್ಕಾರಕ್ಕೆ ಒಯ್ಯುವ ಮುಂಚೆ ಫೋಟೋದವನನ್ನು ಕರೆಸಿ ತೆಗೆಯಿಸಿದ ಇಂಥ ಚಿತ್ರಗಳನ್ನು ನಾವು ಎಷ್ಟೋ ಕಡೆಗೆ ಕಂಡಿದ್ದೇವೆ. ಎಂಬತ್ತು ವರುಷ ಬಾಳಿದ ಹೆಂಗಸಿಗೆ ಒಂದೇ ಚಿತ್ರ. ಅದೂ ಪ್ರಾಣ ಹೋದ ಮೇಲಿನದು.

ಇದನ್ನು ಕೇವಲ ಹಳ್ಳಿಯವರ ಮೌಢ್ಯವೆಂದು ನಗುವುದು ಸಲ್ಲದು. ಮನುಷ್ಯನ ಪ್ರತಿರೂಪವು ಸತ್ತವರಿಗೆ ಸೇರಿದ್ದು ಎಂಬ ಭಾವನೆ ಬಹು ಪುರಾತನವಾದುದು. ದೇವತೆಗಳ ಬಿಂಬವು ಲಕ್ಷಣಹೀನವಾಗಿದ್ದರೂ ಶ್ರೇಯಸ್ಕರ, ಮರ್ತ್ಯರ ಬಿಂಬವು ಎಷ್ಟು ಸುಲಕ್ಷಣವಾಗಿದ್ದರೂ ಶ್ರೇಯಸ್ಕರವಲ್ಲ ಎಂದು ಶುಕ್ರನೀತಿಸಾರದ ಅಭಿಪ್ರಾಯ. ಭಾಸನ ಪ್ರತಿಮಾನಾಟಕವನ್ನು ಬಲ್ಲವರಿಗೆ ಮೂರನೆಯ ಅಂಕವು ನೆನಪಿಗೆ ಬರಬಹುದು. ಸೋದರಮಾವನ ಮನೆಯಿಂದ ಹಿಂದಿರುಗುತ್ತಿದ್ದ ಭರತನು ಅಯೋಧ್ಯೆಯ ಹೊರವಲಯದ ಪ್ರತಿಮಾಗೃಹವನ್ನು ಹೊಕ್ಕು, ತನ್ನ ಪೂರ್ವಜರ ಸಾಲಿನ ಕಡೆಯಲ್ಲಿ ತಂದೆಯ ಪ್ರತಿಮೆಯನ್ನು ನೋಡುತ್ತಾನೆ. ಬದುಕಿದವರ ಪ್ರತಿಮೆಯನ್ನೂ ಇಲ್ಲಿ ಇಡುವುದುಂಟೇ ಎಂದು ಅಲ್ಲಿಯ ಪರಿಚಾರಕನನ್ನು ಕೇಳುತ್ತಾನೆ. ಇಲ್ಲ, ತೀರಿಹೋದವರದು ಮಾತ್ರ ಎಂಬ ಉತ್ತರದಿಂದಲೇ ಅವನಿಗೆ ದಶರಥನ ಮರಣವಾರ್ತೆಯು ತಿಳಿಯುತ್ತದೆ. ಇಷ್ಟು ಚಿಕ್ಕ ಪ್ರಶ್ನೋತ್ತರದಿಂದ ಇಷ್ಟು ದೊಡ್ಡ ದುಃಖವನ್ನು ಹೇಳಿದ ಕವಿ ನಮಗೆ ಬೇರೆ ಗೊತ್ತಿಲ್ಲ.

ರಾಯಬಾಗವು ಹಿಂದೆ ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿತ್ತು. ಆ ಸಂಸ್ಥಾನದ ಅರಸನೊಬ್ಬನಿಗೂ ಇಂಥ ಮರಣೋತ್ತರ ಪ್ರತಿಮೆಯೇ ಪ್ರಾಪ್ತವಾಯಿತು. ಇಂಗ್ಲೆಂಡಿಗೆ ಹೋಗಿದ್ದ ರಾಜಾರಾಮ ಮಹಾರಾಜನು ಸ್ವದೇಶಕ್ಕೆ ಮರಳುವಾಗ ಇಟಲಿಯ ಫ್ಲಾರೆನ್ಸಿನಲ್ಲಿ 1870ರ ನವೆಂಬರ 30ರಂದು ತೀರಿಕೊಂಡನು, ವಯಸ್ಸು ಇಪ್ಪತ್ತು. ಆರ್ನೋ ನದಿಯ ತೀರದಲ್ಲಿ ಹಿಂದೂ ವಿಧಿಯಂತೆ ದಹನವಾಯಿತು. 1874ರಲ್ಲಿ ಅಲ್ಲಿಯೇ ಒಂದು ಮಂಟಪವನ್ನು ಕಟ್ಟಿಸಿ, ಬಣ್ಣ ಹಾಕಿದ ಅವನ ಅರ್ಧಪ್ರತಿಮೆಯನ್ನಿಟ್ಟರು. ಅದು ಇಂದಿಗೂ ಇದೆ. 1978ರಲ್ಲಿ ಸಮೀಪದಲ್ಲಿ ತೆರೆದ ಸೇತುವೆಗೆ ಆ ಊರ ಜನ ‘ಭಾರತೀಯನ ಸೇತುವೆ’ ಎಂದೇ ಹೆಸರಿಟ್ಟಿದ್ದಾರೆ.

ಛಾಯಾಚಿತ್ರಕಲೆಯು 1839ರಲ್ಲಿ ಫ್ರಾನ್ಸಿನಿಂದ ಲೋಕಕ್ಕೆ ಪ್ರಕಟವಾದಾಗ ಈ ಹಳೆಯ ಭಾವನೆಗೇ ಪೆಟ್ಟು ಬಿದ್ದಿತು. ಆ ಪೆಟ್ಟಿಗೆಯ ಮುಂದೆ ಬದುಕಿದವರೇ ಕೂಡಬೇಕು. ಕೂತವರ ಮುಖವು ಕಾಗದದ ಮೇಲೆ ಮೂಡಿ ಯಾರ ಕೈಗಾದರೂ ಹೋಗಬಹುದು. ಚೀನ ದೇಶದ ಅರಸು ಮನೆತನವು ಇದನ್ನು ಕಠಿಣವಾದ ಮಾರ್ಗದಿಂದ ಕಲಿಯಿತು. ಅಲ್ಲಿ ಭಾವಚಿತ್ರವೆಂದರೆ ಮುಖ್ಯವಾಗಿ ಪಿತೃಪೂಜೆಯ ವಸ್ತು. ಚಕ್ರವರ್ತಿಯ ಮುಖವನ್ನು ನಾಣ್ಯದ ಮೇಲೆ ಸಹ ಅಚ್ಚು ಹಾಕುತ್ತಿರಲಿಲ್ಲ. 1844ರಲ್ಲಿ ಸಂಧಿಯ ಮಾತುಕತೆಗಾಗಿ ಬಂದ ಫ್ರೆಂಚ್ ಅಧಿಕಾರಿ ಇಟಿಯೇ ಎಂಬವನು ರಾಜವಂಶದ ಚೀಯಿಂಗನ ಚಿತ್ರವನ್ನು ತೆಗೆದನು. ಅದು ಸ್ನೇಹದಿಂದ ನಡೆಯಿತು. 1860ರದು ಹಾಗಲ್ಲ. ಆ ವರುಷ ಆಂಗ್ಲ ಮತ್ತು ಫ್ರೆಂಚ್ ಸೈನ್ಯಗಳು ಪೀಕಿಂಗನ್ನು ಮುಟ್ಟಿದವು; ಚಕ್ರವರ್ತಿಯು ಓಡಿಹೋದನು; ಎಲ್ಗಿನ್ ಪ್ರಭುವಿನ ಆಜ್ಞೆಯಂತೆ ಬೇಸಿಗೆಯ ಅರಮನೆಯನ್ನು ಸುಟ್ಟರು. (ಈ ಎಲ್ಗಿನ್ನನೇ 1862ರಲ್ಲಿ ನಮಗೆ ವೈಸರಾಯನಾಗಿ ಬಂದವನು.) ಅಕ್ಟೋಬರ 24ರಂದು ಸಂಧಿಪತ್ರಕ್ಕೆ ಸಹಿ ಹಾಕಲು ಚಕ್ರವರ್ತಿಯ ತಮ್ಮ ರಾಜಕುಮಾರ ಗೊಂಗ್ ಬಂದನು. ಬೀಟೋ ಎಂಬ ಛಾಯಾಗ್ರಾಹಕನು ಸಭೆಯ ನಡುವೆಯೇ ತನ್ನ ದೊಡ್ಡ ಮಸೂರವನ್ನು ಅವನ ಕಡೆಗೆ ತಿರುಗಿಸಿದನು. ಈ ಬೀಟೋ ಎರಡು ವರುಷ ಹಿಂದೆ, ದಂಗೆಯ ತರುವಾಯ, ಲಖನೌದ ಹಾಳು ಗೋಡೆಗಳ ಚಿತ್ರ ತೆಗೆದಿದ್ದವನು. ಅದು ಏನೋ ಮಾರಕಯಂತ್ರವೆಂದು ರಾಜಕುಮಾರನು ಬಿಳಿಚಿಕೊಂಡನೆಂದು ಆಂಗ್ಲ ಸೇನಾಪತಿ ಗ್ರಾಂಟ್ ಬರೆದಿದ್ದಾನೆ. ಬೆಳಕು ಸಾಲದೆ ಆ ದಿನದ ಚಿತ್ರವು ಕೆಟ್ಟಿತು. ನವೆಂಬರ 2ರಂದು ಎರಡನೆಯ ಸಲ ತೆಗೆದದ್ದು ಸಫಲವಾಯಿತು. ಇಪ್ಪತ್ತೇಳರ ಆ ತರುಣನ ಮುಖದಲ್ಲಿ ನಗೆಯಿಲ್ಲ. ಇರುವುದಾದರೂ ಹೇಗೆ? ಅರಮನೆಯು ಸುಟ್ಟು ಇನ್ನೂ ಹದಿನೈದೇ ದಿನ.

ಆ ಕಾಲದ ಕ್ರಿಯೆಯೂ ಸುಲಭವಾಗಿರಲಿಲ್ಲ. ಗಾಜಿನ ಹಲಗೆಗೆ ಅಂಟುದ್ರವವನ್ನು ಸವರಿ, ಬೆಳ್ಳಿಯ ಲವಣದ ನೀರಿನಲ್ಲಿ ಅದ್ದಿ, ಅದು ಒಣಗುವ ಮುಂಚೆಯೇ ಚಿತ್ರವನ್ನು ಹಿಡಿದು ತೊಳೆಯಬೇಕು. ಕುಳಿತವರು ಎಷ್ಟೋ ಕ್ಷಣ ಅಲುಗದಂತೆ ತಲೆಯ ಹಿಂದೆ ಕಬ್ಬಿಣದ ಆಸರೆಯನ್ನು ಕೊಡುತ್ತಿದ್ದರು. ಹಳೆಯ ಚಿತ್ರಗಳ ಬಿಗಿಮೋರೆಗೆ ಇದೂ ಒಂದು ಕಾರಣ. ಅಚ್ಚಿಳಿಸುವ ಕಾಗದಕ್ಕೆ ಕೋಳಿಮೊಟ್ಟೆಯ ಬಿಳಿಯ ಲೇಪವಿರುತ್ತಿತ್ತು. ಮಡಿವಂತ ಮನೆಗಳಲ್ಲಿ ದೇವರ ಕೋಣೆಯ ಬಾಗಿಲ ಮೇಲೆಯೇ ಅದನ್ನು ತೂಗುಹಾಕಿದವರಿಗೆ ಈ ಸಂಗತಿಯನ್ನು ಯಾರೂ ಹೇಳಲಿಲ್ಲವೆಂದು ತೋರುತ್ತದೆ! ಚಿತ್ರ ತೆಗೆಯಿಸಿಕೊಂಡರೆ ಆಯುಷ್ಯವು ಕಡಿಮೆಯಾಗುವುದೆಂದು ನಮ್ಮಲ್ಲಿ ಹೇಳುತ್ತಿದ್ದರಷ್ಟೆ. ಚೀನದ ಸಾಹಿತಿ ಲು ಶುನ್ 1925ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಅವನ ಊರಿನವರ ಇಂಥದೇ ಹೆದರಿಕೆಯ ವರ್ಣನೆಯಿದೆ. ಅರ್ಧದೇಹದ ಚಿತ್ರವಂತೂ ಅವರಿಗೆ ಬೇಡವೇ ಬೇಡ, ಸೊಂಟದಲ್ಲಿ ಕಡಿದಂತಾಗುವುದಲ್ಲ!

ಅರಸರು ಮಾತ್ರ ಬೇಗನೆ ಚೇತರಿಸಿಕೊಂಡರು. ಜಯಪುರದ ಸವಾಯಿ ರಾಮಸಿಂಹನು (ಮರಣ 1880) ತಾನೇ ಈ ವಿದ್ಯೆಯನ್ನು ಕಲಿತು, ತನ್ನನ್ನು ಶಿವಭಕ್ತನ ವೇಷದಲ್ಲಿಯೂ, ಅಂತಃಪುರದ ಸ್ತ್ರೀಯರನ್ನೂ ಚಿತ್ರಿಸಿದನು. ಕಲಬುರ್ಗಿ, ರಾಯಚೂರು, ಬೀದರ ಸೀಮೆಗಳನ್ನಾಳುತ್ತಿದ್ದ ನಿಜಾಮನ ಹೈದರಾಬಾದಿನಲ್ಲಿ ಲಾಲಾ ದೀನದಯಾಳನು 1892ರಲ್ಲಿ ಗೋಷೆಯ ಸ್ತ್ರೀಯರಿಗಾಗಿಯೇ ಚಿತ್ರಶಾಲೆಯನ್ನು ತೆರೆದು, ಅದನ್ನು ಒಬ್ಬ ಆಂಗ್ಲ ಮಹಿಳೆಗೆ ವಹಿಸಿದನು. ಪೀಕಿಂಗಿನ ರಾಜಮಾತೆ ತ್ಸೀಶೀ 1903ರಲ್ಲಿ, ತನ್ನ ಅರವತ್ತೆಂಟನೆಯ ವಯಸ್ಸಿನಲ್ಲಿ, ರಾಯಭಾರಿಯ ಮಗನಾದ ಶುನ್‌ಲಿಂಗನಿಂದ ಚಿತ್ರಗಳನ್ನು ತೆಗೆಯಿಸಿಕೊಳ್ಳತೊಡಗಿದಳು. ಕರುಣೆಯ ದೇವತೆ ಕ್ವಾನ್‌ಯಿನ್‌ಳ ವೇಷದಲ್ಲಿಯೂ ಕುಳಿತಳು. ಪರದೇಶದ ಪ್ರಭುಗಳಿಗೆ ಕಾಣಿಕೆಯಾಗಿ ಕಳಿಸಿದ ಪ್ರತಿಗಳಲ್ಲಿ ಮುಖದ ಸುಕ್ಕುಗಳನ್ನು ಅಳಿಸಲಾಗಿತ್ತು. ಅಮೇರಿಕದ ಅಧ್ಯಕ್ಷ ರೂಸ್‌ವೆಲ್ಟನಿಗೂ ಒಂದು ಹೋಯಿತು. ಸುಕ್ಕು ಅಳಿಸಿದ್ದಕ್ಕೆ ನಗುವವರು ನಗಲಿ. ನಲವತ್ತು ವರುಷ ಹಿಂದೆ ಗೆದ್ದವರು ಆ ಮನೆತನದ ಮುಖವನ್ನು ತಾವಾಗಿ ಹಿಡಿದೊಯ್ದಿದ್ದರು. ಈಕೆ ತನಗೆ ಬೇಕಾದ ಮುಖವನ್ನು ತಾನೇ ಆರಿಸಿ ಕಳಿಸಿದಳು.

ನಮ್ಮ ಸೀಮೆಯ ಹೆಂಗಸರಿಗೆ ಆ ಆಯ್ಕೆಯೇ ದೊರೆಯಲಿಲ್ಲ. ನಿಪ್ಪಾಣಿಯ ತಂಬಾಕಿನ ವ್ಯಾಪಾರಿಯು ಕೊಲ್ಲಾಪುರಕ್ಕೂ, ಕಾಗವಾಡದ ಗೌಡನು ಮಿರಜಿಗೂ ಕೆಲಸಕ್ಕೆ ಹೋದಾಗ ಫೋಟೋ ತೆಗೆಯಿಸಿಕೊಂಡು ಬಂದಾನು. ಹೆಂಡತಿಯನ್ನು ಅದಕ್ಕಾಗಿ ಕರೆದೊಯ್ಯುವವರು ವಿರಳ. ಖರ್ಚು, ಸಂಕೋಚ, ಹಿರಿಯರ ಅಂಜಿಕೆ, ಎಲ್ಲವೂ ಆಕೆಯ ಪಾಲಿಗೇ. ಗಂಡ ಸತ್ತವಳಾದರಂತೂ ಕೇಳುವುದೇ ಬೇಡ. ಭಾಸನ ಇನ್ನೊಂದು ನಾಟಕವಾದ ಸ್ವಪ್ನವಾಸವದತ್ತದಲ್ಲಿ, ಸತ್ತಳೆಂದು ಎಲ್ಲರೂ ನಂಬಿದ ರಾಣಿಯು ಬದುಕಿರುವಳೆಂದು ಗೊತ್ತಾಗುವುದು ತವರಿನಿಂದ ಬಂದ ಚಿತ್ರಫಲಕದಿಂದ. ಬದುಕಿದ್ದಾಗ ಬರೆದ ಚಿತ್ರವಾದುದರಿಂದ ಪದ್ಮಾವತಿಯು ಗುರುತು ಹಿಡಿದಳು. ಕಣ್ಣು ಮುಚ್ಚಿದ ಚಿತ್ರದಿಂದ ಮೊಮ್ಮಕ್ಕಳು ಯಾರ ಗುರುತನ್ನು ಹಿಡಿದಾರು?

ಇಂದು ಕಿಸೆಯ ಫೋನಿನಲ್ಲಿಯೇ ಕ್ಯಾಮೆರಾ ಇದೆ. ಮನೆಯ ಹಿರಿಯಳು ರೊಟ್ಟಿ ಬಡಿಯುವಾಗಲೋ, ಕಟ್ಟೆಯ ಮೇಲೆ ಬೇಳೆ ಆರಿಸುವಾಗಲೋ ಒಂದು ಚಿತ್ರ ತೆಗೆಯಲು ಮುಹೂರ್ತ ಬೇಕಿಲ್ಲ. ಹಳೆಯ ಚಿತ್ರಗಳಿದ್ದರೆ ಚೌಕಟ್ಟನ್ನು ಒದ್ದೆ ಗೋಡೆಯಿಂದ ಇಳಿಸಿ, ಹಿಂಬದಿಯಲ್ಲಿ ಮೆತ್ತನೆಯ ಸೀಸಕಡ್ಡಿಯಿಂದ ಹೆಸರುಗಳನ್ನು ಹಗುರವಾಗಿ ಬರೆದಿಡಬೇಕು. ಮಸಿಯು ಇಂಗಿ ಮುಂದಕ್ಕೆ ಬರುತ್ತದೆ. ಚಿಕ್ಕೋಡಿ ತಾಲೂಕಿನ ಒಂದು ಮನೆಯಲ್ಲಿ ನಾವು ಕಂಡ ದೊಡ್ಡ ಕುಟುಂಬಚಿತ್ರದ ಕೆಳಗೆ ಗಂಡಸರ ಹೆಸರುಗಳು ಸಾಲಾಗಿ ಅಚ್ಚಾಗಿವೆ. ಎಡಗಡೆಯ ಐವರು ಹೆಂಗಸರ ಕೆಳಗೆ ‘ಮನೆಮಂದಿ’ ಎಂದಷ್ಟೇ ಇದೆ. ಆ ಐವರ ಹೆಸರು ಹೇಳಬಲ್ಲವರು ಆ ಮನೆಯಲ್ಲಿ ಈಗ ಒಬ್ಬರೇ ಉಳಿದಿದ್ದಾರೆ. ಅವರಿಗೆ ತೊಂಬತ್ತೊಂದು ವರುಷ.